‘ಮತ್ತೆ ಬನ್ನಿ’ ಎನ್ನದ ಪುಟ

ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಕುರ್ಚಿಯಿಂದ.

ಯಲಹಂಕ ನ್ಯೂಟೌನಿನಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಕಂಪನಿ ಅಂದರೆ ಎರಡು ಕೋಣೆ, ಬೆರಳೆಣಿಕೆಯಷ್ಟು ಜನ. ಅಂಗಡಿಯವರಿಗೆ, ಶಾಲೆಯವರಿಗೆ, ಕಲ್ಯಾಣಮಂಟಪದವರಿಗೆ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕೆಲಸ. ಕಿಟಕಿಯ ಪಕ್ಕ ಒಂದೇ ಒಂದು ಒಳ್ಳೆಯ ಕುರ್ಚಿ ಇತ್ತು. ಅಲ್ಲಿ ಕೂತರೆ ಹೊಂಗೆಮರ ಕಾಣುತ್ತಿತ್ತು, ಬಿಸಿ ಬನ್ನಿನ ವಾಸನೆ ಬರುತ್ತಿತ್ತು. ಅದರಲ್ಲಿ ಕೂರುತ್ತಿದ್ದವರು ಕೆಲಸ ಬಿಟ್ಟ ಮೇಲೆ ಅದು ನನ್ನದೇ ಎಂದು ಮನಸ್ಸಿನಲ್ಲೇ ಬರೆದುಕೊಂಡಿದ್ದೆ. 2013ರ ಸಂಕ್ರಾಂತಿ ಮುಗಿಸಿ ಆಫೀಸಿಗೆ ಬಂದರೆ ಆ ಕುರ್ಚಿಯಲ್ಲಿ ಯಾವಳೋ ಹುಡುಗಿ ಕೂತು, ತನ್ನ ನೀರಿನ ಬಾಟಲಿಯನ್ನು ಕಿಟಕಿಯ ಮೇಲೆ ಇಟ್ಟುಕೊಂಡಿದ್ದಳು.

ಬಾಸ್ ಹಿಗ್ಗಿನಿಂದ ಪರಿಚಯ ಮಾಡಿಸಿದರು. “ಇವ್ರು ಮೈಸೂರಿನವ್ರು. ಡಿಸೈನಲ್ಲಿ ಮಾಸ್ಟರ್ಸ್ ಮಾಡಿದಾರೆ ಕಣ್ರೀ. ಥೀಸಿಸ್ ಏನ್ ಗೊತ್ತಾ? ವೆಬ್‌ಸೈಟಿನ ಮೆನು! ಬರೀ ಮೆನು ಮೇಲೇನೇ ಎರಡು ವರ್ಷ ಓದಿದಾರೆ.”

“ಎರಡು ವರ್ಷಾನಾ?” ಅಂದೆ. “ನಮ್ಮ ಹೋಟ್ಲು ಸಪ್ಲೈಯರ್ ಒಂದೇ ಉಸಿರಲ್ಲಿ ಹೇಳಿ ಮುಗಿಸ್ತಾನಲ್ಲ ಸರ್.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಚುಚ್ಚಿದ್ದು ನಾಟಲಿಲ್ಲವಲ್ಲ ಎಂದು ನನಗೆ ಇನ್ನಷ್ಟು ಉರಿಯಿತು. ಸಾಲದ್ದಕ್ಕೆ ಮಧ್ಯಾಹ್ನದ ಹೊತ್ತಿಗೆ ನನ್ನನ್ನು ‘ಅಕ್ಕ’ ಎಂದು ಕರೆಯಲು ಶುರುಮಾಡಿದಳು. ನಾನು ಅವಳಿಗೆ ‘ಥಿಯರಿ’ ಎಂದು ಹೆಸರಿಟ್ಟೆ. ಬೆನ್ನ ಹಿಂದೆ ಇಟ್ಟ ಹೆಸರು ವಾರದೊಳಗೆ ಅವಳ ಕಿವಿಗೂ ಬಿತ್ತು. ಅದಕ್ಕೂ ನಕ್ಕಳು.

ಆಗ ನನ್ನ ಕೈಯಲ್ಲಿದ್ದದ್ದು ಯಶವಂತಪುರದ ಒಂದು ಹಳೆಯ ಗ್ರಂಥಿಗೆ ಅಂಗಡಿಯ ಕೆಲಸ. ಅರಿಶಿನ ಕುಂಕುಮದಿಂದ ಹಿಡಿದು ಹೋಮದ ಕಡ್ಡಿ, ಮದುವೆಯ ಬಾಸಿಂಗ, ತಿಥಿಯ ಎಳ್ಳು ದರ್ಭೆಯವರೆಗೆ ಎಲ್ಲವೂ ಸಿಗುವ ಅಂಗಡಿ. ಹೆಬ್ಬಾಳ, ಜಕ್ಕೂರಿನ ಅಪಾರ್ಟ್‌ಮೆಂಟುಗಳ ಜನ ಮಾರ್ಕೆಟ್ಟಿನ ಗದ್ದಲದಲ್ಲಿ ಕಾರು ನಿಲ್ಲಿಸಲಾಗದೆ ಬರುವುದನ್ನೇ ಬಿಟ್ಟಿದ್ದರು. ಅವರಿಗೆ ಮನೆಗೇ ಸಾಮಾನು ಕಳಿಸಬೇಕು, ಯುಗಾದಿಗೆ ವೆಬ್‌ಸೈಟ್ ಶುರುವಾಗಬೇಕು ಎಂಬುದು ಅಂಗಡಿಯ ಯಜಮಾನರ ಆಸೆ. ಅಂಗಡಿಯ ನೂರಾರು ಸಾಮಾನುಗಳನ್ನು ಪುಟದ ನೆತ್ತಿಯ ಮೇಲಿನ ಒಂದು ಸಾಲು ಶೀರ್ಷಿಕೆಗಳಲ್ಲಿ ಹೊಂದಿಸುವುದು ನನ್ನ ಪಾಲಿನ ಕೆಲಸ. ಆ ಸಾಲಿಗೇ ಮೆನು ಅನ್ನುವುದು. ಅದು ಸರಿಯಿಲ್ಲದಿದ್ದರೆ ಅಂಗಡಿಯಲ್ಲಿ ಏನೆಲ್ಲ ಇದ್ದರೂ ಗಿರಾಕಿಯ ಪಾಲಿಗೆ ಏನೂ ಇಲ್ಲ.

ನನ್ನ ಮೆನು ಸಿದ್ಧವಾಗಿತ್ತು. ಪುಡಿಗಳು, ಎಣ್ಣೆ ಬತ್ತಿ, ನೂಲು ಬಟ್ಟೆ, ಲೋಹದ ಸಾಮಾನು, ಬೇರು ಕಡ್ಡಿ, ಕಾಳು ಬೀಜ, ಇತರೆ. ಯಜಮಾನರ ಅಂಗಡಿಯ ಕಪಾಟುಗಳು ಇರುವುದೇ ಹಾಗೆ. ಅವರಿಗೂ ಇಷ್ಟವಾಗಿತ್ತು. ಥಿಯರಿ ನನ್ನ ಹಿಂದೆ ಬಂದು ನಿಂತು ಪರದೆ ನೋಡಿದಳು.

“ಚೆನ್ನಾಗಿದೆ ಅಕ್ಕ. ಆದ್ರೆ ಏಳೇ ಯಾಕೆ?”

ಈ ಪ್ರಶ್ನೆಗಾಗಿ ನಾನು ಕಾದಿದ್ದೆ ಅನ್ನಬೇಕು. ಆರ್.ಟಿ. ನಗರದಲ್ಲಿ ಮಲ್ಟಿಮೀಡಿಯಾ ಕೋರ್ಸ್ ಮಾಡುವಾಗ ಮೇಷ್ಟ್ರು ಕಲಿಸಿದ್ದ ಒಂದೇ ಒಂದು ದೊಡ್ಡ ಮಾತು ಅದು. “ಮನುಷ್ಯನ ತಲೇಲಿ ಒಂದು ಸಲಕ್ಕೆ ಏಳೇ ವಿಷಯ ನಿಲ್ಲೋದು. ಅದು ಥಿಯರಿ. ನೀವು ಓದಿರ್ಬೇಕಲ್ಲ?” ಎಂದೆ.

“ಓದಿದೀನಿ. ಆದ್ರೆ ಅದು ಕಣ್ಣೆದುರು ಇಲ್ಲದ್ದನ್ನ ನೆನಪಿಟ್ಟುಕೊಳ್ಳೋ ವಿಷಯ. ಯಾರೋ ಓದಿ ಹೇಳಿದ ಅಂಕಿಗಳನ್ನ ತಿರುಗಿ ಒಪ್ಪಿಸೋ ಥರ. ಮೆನು ಕಣ್ಣೆದುರಿಗೇ ಇರತ್ತಲ್ಲ ಅಕ್ಕ, ಅದನ್ನ ಯಾರೂ ಬಾಯಿಪಾಠ ಮಾಡ್ಬೇಕಾಗಿಲ್ಲ. ಶೀರ್ಷಿಕೆಗಳು ಸ್ಪಷ್ಟವಾಗಿದ್ರೆ ಹನ್ನೆರಡಾದ್ರೂ ನಡೆಯತ್ತೆ.”

ವರ್ಷಗಟ್ಟಲೆ ಆ ಏಳನ್ನು ಎಷ್ಟು ಗಿರಾಕಿಗಳ ಮುಂದೆ ಬೀಸಿದ್ದೆನೋ! ಎಂಟನೆಯ ಶೀರ್ಷಿಕೆ ಕೇಳಿದವರ ಬಾಯಿ ಮುಚ್ಚಿಸಲು ಅದೇ ನನ್ನ ಅಸ್ತ್ರವಾಗಿತ್ತು. ಅಷ್ಟು ವರ್ಷ ‘ನನಗೆ ಅನುಭವ ಸಾಕು, ಪುಸ್ತಕ ಬೇಡ’ ಎಂದು ಹೇಳಿಕೊಂಡು ತಿರುಗುತ್ತಿದ್ದವಳು, ಅಸಲಿಗೆ ಅರ್ಧ ಕೇಳಿದ ಥಿಯರಿಯೊಂದನ್ನು ಹಿಡಿದೇ ಕೆಲಸ ಮಾಡುತ್ತಿದ್ದೆ. ಅವಳಾದರೋ ಪೂರ್ತಿ ಓದಿದ್ದಳು, ಅದು ಎಲ್ಲಿ ನಡೆಯುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ನನ್ನ ಹತ್ತಿರ ಇದ್ದ ಒಂದೇ ಒಡವೆಯನ್ನು ಗಿಲೀಟು ಎಂದು ಹೇಳಿ ಕೈಗೆ ವಾಪಸ್ಸು ಕೊಟ್ಟ ಹಾಗಾಯಿತು.

ಬಾಸ್‌ಗೆ ಇದೆಲ್ಲ ಆಟ. “ಇಬ್ರೂ ಒಂದೊಂದು ಮೆನು ಮಾಡಿ. ಜನರ ಮುಂದೆ ಇಟ್ಟು ನೋಡೋಣ. ಯಾರ ಸೈಟನ್ನ ಯಜಮಾನ್ರು ಒಪ್ತಾರೋ ಅವ್ರೇ ಇನ್ಮೇಲೆ ಡಿಸೈನ್ ಲೀಡ್” ಎಂದುಬಿಟ್ಟರು. ಆ ಲೀಡ್ ಪಟ್ಟ ನನಗೆ ಬರಬೇಕಾದದ್ದು ಎಂದು ಬೇಕರಿಯವನಿಗೂ ಗೊತ್ತಿತ್ತು. ಈಗ ಅದಕ್ಕೆ ನಿನ್ನೆ ಮೊನ್ನೆ ಬಂದವಳ ಜೊತೆ ಪೈಪೋಟಿ ಮಾಡಬೇಕು.

ಅವಳ ವಿಧಾನ ಹೀಗಿತ್ತು. ಸಾಮಾನುಗಳ ಹೆಸರನ್ನೂ ಕೆಲವು ಕಾರ್ಯಗಳ ಹೆಸರನ್ನೂ ಒಂದೊಂದು ಚೀಟಿಯಲ್ಲಿ ಬರೆಯುವುದು. ಆ ಚೀಟಿಗಳನ್ನು ಜನರ ಕೈಗೆ ಕೊಟ್ಟು, ಯಾವುದು ಯಾವುದರ ಜೊತೆ ಇರಬೇಕೋ ಹಾಗೆ ಗುಂಪು ಮಾಡಿ ಎನ್ನುವುದು. ಹೇಳಿಕೊಡಬಾರದು, ತಿದ್ದಬಾರದು, ಸುಮ್ಮನೆ ನೋಡಬೇಕು. ಒಬ್ಬೊಬ್ಬರೂ ಮಾಡಿದ ಗುಂಪುಗಳನ್ನು ಬರೆದುಕೊಂಡು ಹೋಲಿಸಿದರೆ ಜನರ ತಲೆಯಲ್ಲಿರುವ ಅಂಗಡಿ ಹೇಗಿದೆ ಎಂಬುದು ಗೊತ್ತಾಗುತ್ತದೆ. ಆದರೆ ಚೀಟಿ ಜೋಡಿಸುವ ಜನ ಎಲ್ಲಿ? ಅವಳಿಗೆ ಇಲ್ಲಿ ಯಾರೂ ಪರಿಚಯವಿಲ್ಲ. “ನಿಮ್ದು ಹಳೇ ಯಲಹಂಕ ಅಲ್ವೇನ್ರಿ, ನಿಮ್ಮ ಕಡೆಯವ್ರನ್ನ ಸೇರ್ಸಿ” ಎಂದು ಬಾಸ್ ನನಗೇ ಅಪ್ಪಣೆ ಮಾಡಿದರು. ಅವಳ ಗೆಲುವಿಗೆ ನನ್ನ ಮನೆಯವರೇ ಕೂಲಿಯಾಳುಗಳು!

ನನ್ನ ಸೋದರತ್ತೆಯ ಮನೆಗೆ ಕರೆದುಕೊಂಡು ಹೋದೆ. ಅಮ್ಮ ಫ್ಯಾಕ್ಟರಿಗೆ ಹೋಗುತ್ತಿದ್ದ ಕಾಲದಲ್ಲಿ ನನ್ನನ್ನು ಸಾಕಿದವಳು ಈ ಅತ್ತೆ. ಅವಳಿಗೆ ನನ್ನ ಕೆಲಸ ಏನೆಂದು ಯಾವತ್ತೂ ಅರ್ಥವಾಗಿರಲಿಲ್ಲ, ಕೇಳಿಯೂ ಇರಲಿಲ್ಲ. ಥಿಯರಿ ನಡುಮನೆಯಲ್ಲಿ ಚಾಪೆಯ ಮೇಲೆ ಕಾಲು ಮಡಚಿ ಕೂತು ಚೀಟಿಗಳನ್ನು ಹರಡಿದಳು. ಏರ್ ಶೋ ಹತ್ತಿರವಿದ್ದುದರಿಂದ ವಿಮಾನಗಳು ತಲೆಯ ಮೇಲೆ ಗುಡುಗುತ್ತಿದ್ದವು. ಅತ್ತೆ ಪ್ರತಿ ಸಲ ಕಿವಿ ಮುಚ್ಚಿಕೊಂಡು, ಯಾವ ಚೀಟಿ ಹಿಡಿದಿದ್ದೆ ಎಂಬುದನ್ನೇ ಮರೆಯುತ್ತಿದ್ದಳು. ಥಿಯರಿ ಬೇಸರಿಸಲಿಲ್ಲ. “ಇದನ್ನ ಯಾಕೆ ಇದರ ಜೊತೆ ಇಟ್ರಿ ಅಜ್ಜಿ?” ಎಂದು ಕೇಳುವುದು, ಹೇಳಿದ್ದನ್ನು ಬರೆದುಕೊಳ್ಳುವುದು. ಅತ್ತೆ ಕರಗಿಹೋದಳು.

“ಎಷ್ಟ್ ಚೆಂದಾಗ್ ಕೇಳ್ತದೆ ನೋಡು ಈ ಎಣ್ಮಗ್ಳು! ನೀನು ಒಂದ್ ದಿನಾನಾದ್ರೂ ಇಂಗೆ ಕೂತ್ಕಂಡ್ ಕೇಳಿದೀಯಾ ನನ್ನ?”

ಕುರ್ಚಿ ಹೋಯಿತು, ಏಳು ಹೋಯಿತು, ಈಗ ಅತ್ತೆ. ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಕಾಫಿ ತರುವ ಹೊತ್ತಿಗೆ ಅತ್ತೆಯ ಕೈಯಲ್ಲಿ ‘ತಿಥಿ ಸಾಮಾನು’ ಎಂದು ಬರೆದ ಚೀಟಿ ಇತ್ತು. ಮುಂದಿನ ವಾರ ಅವಳ ಮೊಮ್ಮಗಳ ಸೀಮಂತ. ಅತ್ತೆ ಮೆಲ್ಲಗೆ ಎದ್ದಳು, ಹೊಸ್ತಿಲು ದಾಟಿದಳು, ಹೊರಗಿನ ಜಗಲಿಯ ಮೂಲೆಯಲ್ಲಿ ಆ ಚೀಟಿಯನ್ನು ಇಟ್ಟು ಅದರ ಮೇಲೊಂದು ಕಲ್ಲು ಹೇರಿದಳು. ಕೈ ತೊಳೆದುಕೊಂಡು ಬಂದು, “ಇದುನ್ನ ಒಳಗ್ ಇಕ್ಬ್ಯಾಡ ಕಣವ್ವ. ಬ್ಯಾರೆ ಏನಾರ ಕೊಡು” ಎಂದಳು.

ಪಕ್ಕದ ಮನೆಯಾಕೆ ತನ್ನ ಕಂತೆಯಲ್ಲಿದ್ದ ಅದೇ ಹೆಸರಿನ ಚೀಟಿಯನ್ನು ಬೋರಲು ಹಾಕಿ ಚಾಪೆಯಿಂದಾಚೆ ತಳ್ಳಿದಳು. ಎದುರು ಮನೆಯ ನಿವೃತ್ತ ಮೇಷ್ಟ್ರು “ಇದನ್ನ ಆಮೇಲೆ ನೋಡೋಣ” ಎಂದು ಥಿಯರಿಯ ಕೈಗೇ ವಾಪಸ್ಸು ಕೊಟ್ಟರು, ಆಮೇಲೆ ನೋಡಲೇ ಇಲ್ಲ. ಯಾರೊಬ್ಬರೂ ಆ ಚೀಟಿಯನ್ನು ಯಾವ ಗುಂಪಿಗೂ ಸೇರಿಸಲಿಲ್ಲ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅವಳ ಎರಡು ವರ್ಷದ ಓದು ನಮ್ಮ ಅತ್ತೆಯ ಜಗಲಿಯ ಮೇಲೆ ಕಲ್ಲಿನ ಕೆಳಗೆ ಬಿದ್ದಿತ್ತು.

ವಾಪಸ್ಸು ಬರುವಾಗ ಆಟೋದಲ್ಲಿ, “ಪಾಪ, ಪ್ರಯೋಗ ಕೆಟ್ಟುಹೋಯ್ತಲ್ಲ” ಎಂದೆ.

ಅವಳ ಮುಖ ಅರಳಿತ್ತು. “ಇಲ್ಲ ಅಕ್ಕ, ಇವತ್ತು ಸಿಕ್ಕಿದ್ದರಲ್ಲಿ ಇದೇ ಮುಖ್ಯ. ಯಾವ ಗುಂಪಿಗೂ ಸೇರದೆ ಉಳಿಯೋ ಚೀಟಿಗಳನ್ನ ಬಿಸಾಕ್ಬಾರ್ದು, ಅವನ್ನೇ ಮೊದಲು ನೋಡ್ಬೇಕು ಅಂತ ನಮಗೆ ಕಲಿಸಿದ್ರು. ನಿಮ್ಮ ಮೆನೂಲಿ ತಿಥಿ ಸಾಮಾನು ಎಲ್ಲಿದೆ?”

‘ಇತರೆ’ಯಲ್ಲಿತ್ತು. ಬಾಸಿಂಗದ ಪಕ್ಕದಲ್ಲಿ.

ಆ ಚೀಟಿಯನ್ನು ಯಾಕೆ ಹೊರಗಿಟ್ಟರು ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಅದೇ ಮನೆಯಲ್ಲಿ ಬೆಳೆದವಳು. ಆದರೆ ಅದು ನನ್ನ ಕೆಲಸಕ್ಕೆ ಬೇಕಾದ ತಿಳಿವಳಿಕೆ ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಮನೆಯ ವಿಷಯವನ್ನು ಮೈಸೂರಿನಿಂದ ಬಂದವಳು ನನಗೆ ಎತ್ತಿ ತೋರಿಸಿದಳಲ್ಲ ಎಂಬ ಸಂಕಟ ಆ ರಸ್ತೆಯ ಉದ್ದಕ್ಕೂ ಕುಟುಕುತ್ತಿತ್ತು.

ಅವಳ ಮೆನು ಸಿದ್ಧವಾಯಿತು. ಸಾಮಾನಿನ ಜಾತಿಯ ಮೇಲೆ ಅಲ್ಲ, ಕಾರ್ಯದ ಮೇಲೆ. ಗೃಹಪ್ರವೇಶ, ನಾಮಕರಣ, ಸೀಮಂತ, ಮದುವೆ, ಸತ್ಯನಾರಾಯಣ ಪೂಜೆ, ಹೋಮ, ನಿತ್ಯಪೂಜೆ, ಹೀಗೆ ಹನ್ನೆರಡು. ಸಾಲಿನ ಕಟ್ಟಕಡೆಗೆ, ಉಳಿದವುಗಳಿಂದ ಸ್ವಲ್ಪ ಜಾಗ ಬಿಟ್ಟು ‘ಪಿತೃಕಾರ್ಯ’. ಕಪಾಟಿನ ಲೆಕ್ಕ ಅಂಗಡಿಯವನಿಗೆ ಬೇಕಾದದ್ದು, ಗಿರಾಕಿ ಮನೆಯಿಂದ ಹೊರಡುವುದು ಕಾರ್ಯ ಇಟ್ಟುಕೊಂಡು ಎಂಬುದು ಅವಳ ವಾದ. ಶೀರ್ಷಿಕೆಗೆ ವಾಸನೆ ಇರಬೇಕು ಎಂದಳು. ಮೂಸಿದರೆ ಒಳಗೆ ನನಗೆ ಬೇಕಾದದ್ದು ಇದೆ ಅನ್ನಿಸಬೇಕು, ಇಲ್ಲದಿದ್ದರೆ ಜನ ಒಳಗೆ ಹೋಗುವುದಿಲ್ಲ. ಪುಸ್ತಕದಲ್ಲೂ ಹೀಗೇ ವಾಸನೆ ಎಂದೇ ಇದೆಯಂತೆ.

ಆಮೇಲೆ ಪರೀಕ್ಷೆ. ಎರಡೂ ಮೆನುಗಳನ್ನು ಕಾಗದದ ಮೇಲೆ ಬರೆದು, ಬಣ್ಣ ಚಿತ್ರ ಏನೂ ಇಲ್ಲದೆ, ಹೊಸ ಜನರ ಮುಂದೆ ಇಟ್ಟೆವು. “ನಾಳೆ ಗೃಹಪ್ರವೇಶ. ಯಾವುದನ್ನು ಒತ್ತುತ್ತೀರಿ?” ನನ್ನ ಮೆನು ನೋಡಿದವರು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಬೆರಳಾಡಿಸಿ ಕೊನೆಗೆ ‘ಇತರೆ’ಗೆ ಬಂದು ನಿಲ್ಲುತ್ತಿದ್ದರು. ನಾಮಕರಣಕ್ಕೂ ‘ಇತರೆ’, ಮದುವೆಗೂ ‘ಇತರೆ’. ಏಳರಲ್ಲಿ ಆರು ಶೀರ್ಷಿಕೆ ಕೆಲಸವಿಲ್ಲದೆ ನಿಂತಿದ್ದವು. ಅವಳ ಮೆನು ನೋಡಿದವರು ತಡಮಾಡದೆ ಒತ್ತಿದರು. ನಾನು ಅಲ್ಲೇ ಕೂತು ಎರಡೂ ಕಡೆಯ ಫಲಿತಾಂಶ ಬರೆದುಕೊಳ್ಳಬೇಕಾಯಿತು. ಅವಳು ಬೀಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಬೀಗಲಿಲ್ಲ, ಬನ್ ತರಿಸಿ ಅರ್ಧ ನನಗೆ ಕೊಟ್ಟಳು. ತಿಂದೆ, ಮೈಯೆಲ್ಲ ಉರಿಯುತ್ತಲೇ.

ಸೈಟು ಅವಳ ಮೆನುವಿನ ಮೇಲೆ ತಯಾರಾಯಿತು. ಯುಗಾದಿ ಹತ್ತಿರ ಬರುತ್ತಿದ್ದಾಗ ಯಜಮಾನರಿಗೆ ತೋರಿಸಲು ಯಶವಂತಪುರಕ್ಕೆ ಹೋದೆವು. ಬಾಸ್, ಅವಳು, ನಾನು. ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಂಬ್ರಾಣಿ, ಬಜೆ, ಕರ್ಪೂರದ ವಾಸನೆಗಳ ನಡುವೆ ಲ್ಯಾಪ್‌ಟಾಪ್ ತೆರೆದಿಟ್ಟೆವು. ಯಜಮಾನರು ಕನ್ನಡಕ ಏರಿಸಿಕೊಂಡು ತಾವೇ ಒತ್ತಿ ನೋಡಿದರು. ಮದುವೆ ಒತ್ತಿದರು, ಸತ್ಯನಾರಾಯಣ ಪೂಜೆ ಒತ್ತಿದರು. “ಅಬ್ಬ, ನಮ್ಮಂಗ್ಡಿ ಇಷ್ಟು ಚೆನ್ನಾಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣಮ್ಮ” ಎಂದು ಅವಳ ಕಡೆ ನೋಡಿ ನಕ್ಕರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಕೊನೆಗೆ ಪಿತೃಕಾರ್ಯ ಒತ್ತಿದರು. ಎಳ್ಳು, ದರ್ಭೆ, ಬಿಳಿ ಪಂಚೆ ಎಲ್ಲ ಸೇರಿದ ಕಟ್ಟೊಂದನ್ನು ಆರಿಸಿದರು. ವಿಳಾಸ ತುಂಬಿ ಮುಗಿಸಿದರು. ಪರದೆಯ ಮೇಲೆ ಅಡ್ಡಲಾಗಿ ಮಾವಿನೆಲೆಯ ತೋರಣ ಇಳಿಯಿತು. ಕೆಳಗೆ ದಪ್ಪಕ್ಷರದಲ್ಲಿ, ‘ಧನ್ಯವಾದಗಳು! ಮತ್ತೆ ಮತ್ತೆ ಬನ್ನಿ!’

ಆ ಪುಟ ಮಾರಾಟದ ಸಾಫ್ಟ್‌ವೇರಿನ ಜೊತೆಗೇ ಬಂದದ್ದು. ಏನು ಕೊಂಡರೂ ಕೊನೆಗೆ ಬರುವುದು ಅದೇ. ನಮ್ಮ ಆಫೀಸಿನ ಪ್ರೋಗ್ರಾಮರ್ ಅದರ ಇಂಗ್ಲಿಷನ್ನು ಕನ್ನಡ ಮಾಡಿ, ಯುಗಾದಿ ಬಂತೆಂದು ತೋರಣ ಕಟ್ಟಿದ್ದ. ಅದು ಮೆನು ಅಲ್ಲವಾದ್ದರಿಂದ ಅವಳೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಯಜಮಾನರು ಕನ್ನಡಕ ತೆಗೆದರು. “ಇದನ್ನ ಮುಚ್ಚಮ್ಮ” ಎಂದರು. “ಸಾವಿನ ಮನೆಯವ್ರಿಗೆ ಮತ್ತೆ ಬನ್ನಿ ಅಂತೀರಾ? ನಮ್ಮ ತಾತನ ಕಾಲದಿಂದ ಈ ಅಂಗ್ಡೀಲಿ ಆ ಸಾಮಾನು ಕೊಟ್ಟು ಯಾರಿಗೂ ‘ಬನ್ನಿ’ ಅಂದಿಲ್ಲ. ಅವ್ರೂ ‘ಬರ್ತೀನಿ’ ಅನ್ನಲ್ಲ. ನಂಗೆ ಈ ವೆಬ್‌ಸೈಟೇ ಬೇಡ. ಹೊರಡಿ.”

ಹೊರಗೆ ಈರುಳ್ಳಿ ಲಾರಿಗಳ ಪಕ್ಕದಲ್ಲಿ ನಿಂತು ಬಾಸ್ ಅವಳಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದರು. ಎರಡು ವರ್ಷ ಓದಿದ್ದು ಇದಕ್ಕೇನಾ ಎಂದೂ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಹಳೇ ಮೆನುನೇ ಹಾಕಿ. ಇನ್ಮೇಲೆ ನೀವೇ ಲೀಡ್. ಹೆಂಗಾದ್ರೂ ಮಾಡಿ ಯಜಮಾನ್ರನ್ನ ಒಪ್ಸಿ” ಎಂದರು.

ನನಗೆ ಸಂತೋಷವಾಯಿತು. ಮುಚ್ಚಿಡುವುದು ಯಾಕೆ, ತುಂಬ ಸಂತೋಷವಾಯಿತು. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು, ಚೀಟಿಯ ದಿನ ಬರೆದುಕೊಂಡ ಹಾಳೆಗಳನ್ನು ಬಿ.ಇ.ಎಲ್. ಸರ್ಕಲ್ ದಾಟುವವರೆಗೂ ತಿರುವಿ ಹಾಕುತ್ತಿದ್ದಳು. ಗಂಗಮ್ಮನ ಗುಡಿ ಹತ್ತಿರ, “ಅಕ್ಕ, ಚೀಟಿ ಹೊರಗಿಟ್ಟಿದ್ದು ನೋಡಿದೆ. ಆದ್ರೆ ಅಜ್ಜಿ ಕೈ ತೊಳೆದುಕೊಂಡು ಬಂದ್ರಲ್ಲ, ಅದನ್ನ ಬರೆದುಕೊಳ್ಳಲೇ ಇಲ್ಲ” ಎಂದಳು. ಸೋತ ಹೊತ್ತಿನಲ್ಲೂ ನನಗೆ ಹೊಳೆಯದ ಮಾತನ್ನೇ ಆಡಬೇಕೇ ಈ ಹುಡುಗಿ?

ಮರುದಿನ ನನ್ನ ಏಳು ಶೀರ್ಷಿಕೆಗಳನ್ನು ಮತ್ತೆ ಏರಿಸಿದೆ. ಏರಿಸಿ, ಗೃಹಪ್ರವೇಶದ ಸಾಮಾನು ಹುಡುಕಿ ನೋಡಿದೆ. ನನ್ನ ಬೆರಳೂ ‘ಇತರೆ’ಯ ಮೇಲೆ ಹೋಗಿ ನಿಂತಿತು. ಇನ್ನೊಮ್ಮೆ ನೋಡಿದೆ, ಮತ್ತೆ ಅಲ್ಲಿಗೇ. ಅವಳ ಮೆನು ಕೆಲಸ ಮಾಡುತ್ತಿತ್ತು, ನನ್ನದು ಮಾಡುತ್ತಿರಲಿಲ್ಲ. ಎಷ್ಟೇ ಹೊಟ್ಟೆಕಿಚ್ಚಿದ್ದರೂ ಕಣ್ಣು ಕುರುಡಾಗಿರಲಿಲ್ಲ. ಲೀಡ್ ಆದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ನನ್ನ ಮೆನುವನ್ನು ಕಿತ್ತು ಅವಳದನ್ನು ವಾಪಸ್ಸು ಹಾಕಿದ್ದು. ಹಲ್ಲು ಕಚ್ಚಿಕೊಂಡೇ ಹಾಕಿದೆ.

ಆಮೇಲೆ ಒಬ್ಬಳೇ ಯಶವಂತಪುರಕ್ಕೆ ಹೋದೆ. ಯಜಮಾನರು ಮುಖ ತಿರುಗಿಸಿದರು, ಆದರೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಲು ಬೇಡವೆನ್ನಲಿಲ್ಲ. ಮದುವೆಯವರು ಬಂದರು, ಹರಟಿದರು, ಚೌಕಾಸಿ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬರು ಬಂದರು. ಗಲ್ಲಾದ ಮುಂದೆ ಬರದೆ ಪಕ್ಕದ ಸಂದಿಯಲ್ಲಿ ನಿಂತರು. ಯಜಮಾನರು ಮುಖ ನೋಡಿದ್ದೇ ಮದುವೆಯವರನ್ನು ಬಿಟ್ಟು ಎದ್ದರು. ಏನು ಬೇಕೆಂದು ಕೇಳಲಿಲ್ಲ. ಒಳಗಿನಿಂದ ಕಟ್ಟು ತಂದು ಕೈಗೆ ಕೊಡದೆ ಹಲಗೆಯ ಮೇಲೆ ಇಟ್ಟರು. ಅವರು ದುಡ್ಡು ಇಟ್ಟು, ಕಟ್ಟು ಎತ್ತಿಕೊಂಡು, ತಿರುಗಿ ನೋಡದೆ ಹೊರಟರು. ಒಂದು ಮಾತಿಲ್ಲ. ಇಂಥದ್ದನ್ನು ಚಿಕ್ಕಂದಿನಿಂದ ಎಷ್ಟೋ ಸಲ ನೋಡಿದ್ದೆ. ಅವತ್ತು ಥಿಯರಿ ನೋಡುವ ಹಾಗೆ ನೋಡಿದೆ.

ದಾರಿ ತೋರಿಸುವುದು ನನ್ನ ಕಸುಬು. ಯಾವ ಪುಟದಲ್ಲಿ ನಿಂತರೂ ಮುಂದೆ ಎಲ್ಲಿಗೆ ಹೋಗಬಹುದು, ಹಿಂದೆ ಹೇಗೆ ಬರಬಹುದು ಎಂದು ತೋರಿಸಲೇಬೇಕು ಎಂದು ನಂಬಿದವಳು ನಾನು. ಆ ಬೆಂಚಿನ ಮೇಲೆ ಕೂತು, ತಿಥಿಯ ಪುಟದಿಂದ ಎಲ್ಲಿಗೂ ದಾರಿ ಇರಬಾರದು ಎಂದು ತೀರ್ಮಾನಿಸಿದೆ.

ಆಫೀಸಿಗೆ ಬಂದು ಕೆಲಸ ಹಚ್ಚಿದೆ. ಪಿತೃಕಾರ್ಯವನ್ನು ಮೆನುವಿನಿಂದಲೇ ತೆಗೆಸಿದೆ. ಮುಖಪುಟದ ಬುಡದಲ್ಲಿ, ಅಂಗಡಿಯ ವಿಳಾಸದ ಪಕ್ಕ, ಸಣ್ಣಕ್ಷರದಲ್ಲಿ ‘ಪಿತೃಕಾರ್ಯದ ಸಾಮಾನು’ ಎಂಬ ಒಂದು ಸಾಲು ಮಾತ್ರ. ಅದನ್ನು ಒತ್ತಿದರೆ ಬೇರೆಯೇ ಪುಟ, ಬಿಳಿಯದು. ಮೇಲೆ ಶೀರ್ಷಿಕೆಗಳ ಸಾಲಿಲ್ಲ, ಹುಡುಕುವ ಜಾಗವಿಲ್ಲ, ‘ನಿಮಗೆ ಇವೂ ಇಷ್ಟವಾಗಬಹುದು’ ಎಂಬ ಪಟ್ಟಿಯಿಲ್ಲ, ತೋರಣವಿಲ್ಲ. ಶನಿವಾರದ ದೀಪಕ್ಕೆ ಬೇಕಾಗುವುದೂ ಕರಿ ಎಳ್ಳೇ, ತಿಥಿಗೆ ಬೇಕಾಗುವುದೂ ಅದೇ. ಹಾಗಾಗಿ ಎಳ್ಳಿಗೆ ಎರಡು ಪುಟ ಮಾಡಿಸಿ, ಒಂದರಿಂದ ಇನ್ನೊಂದಕ್ಕೆ ಹೋಗದಂತೆ ಬಿಡಿಸಿದೆ. ಮೊಬೈಲಿಗೆ ತಾನಾಗಿ ಹೋಗುತ್ತಿದ್ದ ಧನ್ಯವಾದದ ಮೆಸೇಜು ನಿಲ್ಲಿಸಿದೆ. ಸಾವಾದ ಮನೆಯಲ್ಲಿ ವರ್ಷ ಕಳೆಯುವವರೆಗೆ ಹಬ್ಬವಿಲ್ಲ. ಆ ನಂಬರುಗಳಿಗೆ ಒಂದು ವರ್ಷ ಹಬ್ಬದ ಶುಭಾಶಯ ಹೋಗಬಾರದು ಎಂದೂ ಹೇಳಿದೆ. ಪ್ರೋಗ್ರಾಮರ್ ತಲೆ ಕೆರೆದುಕೊಂಡ. “ಮೇಡಂ, ಕೊನೇಲಿ ಏನಾದ್ರೂ ಬರ್ಬೇಕಲ್ಲ?” ‘ಸಾಮಾನು ತಲುಪಿಸುತ್ತೇವೆ’ ಎಂಬ ಒಂದೇ ವಾಕ್ಯ ಬರೆಸಿದೆ. ಆಶ್ಚರ್ಯಸೂಚಕ ಚಿಹ್ನೆಯನ್ನೂ ತೆಗೆಸಿದೆ.

ಥಿಯರಿ ಇದನ್ನೆಲ್ಲ ಕಿಟಕಿಯ ಪಕ್ಕದಿಂದಲೇ ನೋಡುತ್ತಿದ್ದಳು. ಲೀಡ್ ನಾನಾದರೂ ಕುರ್ಚಿ ಬಿಡು ಎಂದು ಕೇಳಲು ಬಾಯಿ ಬಂದಿರಲಿಲ್ಲ. ಎದ್ದು ಬಂದು, “ಅಕ್ಕ, ಇದು ನನಗೆ ಜನ್ಮದಲ್ಲಿ ಹೊಳೀತಿರ್ಲಿಲ್ಲ” ಎಂದಳು. ಮರುಕ್ಷಣವೇ, “ಆದ್ರೆ ಮೆನೂಲೇ ಇಲ್ಲ ಅಂದ್ರೆ ಬೇಕಾದವ್ರಿಗೆ ಸಿಗತ್ತಾ? ನಮಗೆ ಅನ್ನಿಸಿದ್ರೆ ಸಾಲ್ದು, ನೋಡ್ಬೇಕು” ಎಂದಳು. ಮತ್ತೆ ಕಾಗದ ಹಿಡಿದು ಹಳೇ ಯಲಹಂಕದ ಬೀದಿಗಳಲ್ಲಿ ಅಲೆದಳು, ಈ ಸಲ ನನ್ನನ್ನು ಕರೆಯದೆ. ಕೇಳಿದವರಲ್ಲಿ ಹೆಚ್ಚಿನವರು ಮೇಲಿನ ಸಾಲನ್ನು ನೋಡಲೇ ಇಲ್ಲವಂತೆ, ನೇರ ಪುಟದ ಬುಡಕ್ಕೆ ಬೆರಳಿಟ್ಟರಂತೆ. ಅಂಥದ್ದು ಹಿಂದೆ ಎಲ್ಲೋ ಇರುತ್ತದೆ ಎಂದು ಜನರಿಗೆ ಗೊತ್ತು. ನನಗೆ ಅನ್ನಿಸಿದ್ದಕ್ಕೆ ಪುರಾವೆ ಸಿಕ್ಕಿತ್ತು. ಆ ಪುರಾವೆಯೂ ಅವಳ ಕೈಯಿಂದಲೇ ಬರಬೇಕಾಯಿತು.

ಏನನ್ನು ನೋಡಬೇಕೆಂದು ಅವಳ ಓದು ಹೇಳಿತು. ಕಂಡದ್ದನ್ನು ಏನು ಮಾಡಬೇಕೆಂದು ಅದು ಹೇಳಲಿಲ್ಲ. ಥಿಯರಿಯಿಂದ ಏನು ಪ್ರಯೋಜನ ಎಂದು ಈಗ ಯಾರಾದರೂ ಹೊಸಬರು ಕೇಳಿದರೆ ನಾನು ಹೇಳುವುದು ಇಷ್ಟೇ.

ಯಜಮಾನರು ಇನ್ನೊಂದು ಸಲ ನೋಡಲು ಒಪ್ಪುವಂತೆ ಮಾಡಿದ್ದು ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಿದ್ದ ಅವರ ಸೊಸೆ. ಈ ಸಲ ಅವರು ಮೊದಲು ಇಳಿದದ್ದೇ ಪುಟದ ಬುಡಕ್ಕೆ. ಕಟ್ಟು ಆರಿಸಿದರು, ಮುಗಿಸಿದರು. ‘ಸಾಮಾನು ತಲುಪಿಸುತ್ತೇವೆ.’ ಅಷ್ಟೇ. ಮುಂದೇನಾದರೂ ಬರುತ್ತದೆಯೋ ಎಂದು ಕಾದರು, ಏನೂ ಬರಲಿಲ್ಲ. ತಾವೇ ಲ್ಯಾಪ್‌ಟಾಪ್ ಮುಚ್ಚಿದರು. “ಯುಗಾದಿಗೆ ಶುರು ಮಾಡಿ” ಎಂದರು.

ಮುಂದಿನ ವರ್ಷ ಅವಳು ಮೈಸೂರಿನ ಕಾಲೇಜಿಗೆ ಪಾಠ ಹೇಳಲು ಹೋದಳು. ಕುರ್ಚಿ ನನ್ನದಾಯಿತು. ಅಷ್ಟರಲ್ಲಿ ರಸ್ತೆ ಅಗಲ ಮಾಡುವವರು ಹೊಂಗೆಮರ ಕಡಿದಿದ್ದರು. ಅತ್ತೆ ಮಾತ್ರ ಅವಳನ್ನು ಬಿಡಲಿಲ್ಲ. ಹಬ್ಬಕ್ಕೆಲ್ಲ ಫೋನು, ಹಪ್ಪಳ ಸಂಡಿಗೆ ಪಾರ್ಸಲ್ಲು. ನಾನು ಹೋದಾಗಲೆಲ್ಲ “ಆ ಎಣ್ಮಗ್ಳು ಎಂಗವ್ಳೆ?” ಎಂದೇ ಶುರು. ನಾನು ಎದುರಿಗೇ ಇದ್ದೇನಲ್ಲ, ನಾನು ಹೇಗಿದ್ದೇನೆ ಎಂದು ಕೇಳಬಾರದೇ?

2018ರಲ್ಲಿ ಅತ್ತೆ ಹೋದಳು. ತಿಥಿಯ ಸಾಮಾನು ತರಬೇಕಿತ್ತು. ಅತ್ತೆಯ ಮಗ ಓಡಾಡುವ ಸ್ಥಿತಿಯಲ್ಲಿರಲಿಲ್ಲ. ನಾನು ಜಗಲಿಯ ಮೂಲೆಯಲ್ಲಿ ಕೂತು ಫೋನು ತೆಗೆದೆ. ಪುಟದ ಬುಡಕ್ಕೆ ಇಳಿದು, ಸಣ್ಣಕ್ಷರದ ಸಾಲನ್ನು ಒತ್ತಿ, ಮುಗಿಸಿದೆ. ‘ಸಾಮಾನು ತಲುಪಿಸುತ್ತೇವೆ.’ ಆ ಬಿಳಿಯ ಪುಟ ನನ್ನನ್ನು ಏನನ್ನೂ ಕೇಳಲಿಲ್ಲ, ಎಲ್ಲಿಗೂ ಕರೆಯಲಿಲ್ಲ. ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ತಿಥಿಯ ದಿನ ಥಿಯರಿ ಬಂದಳು. ಅತ್ತೆಯ ಫೋಟೋದ ಮುಂದೆ ಚಾಪೆಯ ಮೇಲೆ ಕಾಲು ಮಡಚಿ ಕೂತು, ಬಿಕ್ಕಿ ಬಿಕ್ಕಿ ಅತ್ತಳು. ಹೆಂಗಸರೆಲ್ಲ ಅವಳನ್ನೇ ಸಮಾಧಾನ ಮಾಡಿದರು. “ಯಾರವ್ವ ಇವ್ಳು, ಮಗ್ಳಾ?” ಎಂದು ಯಾರೋ ಕೇಳಿದ್ದು ನನ್ನ ಕಿವಿಗೆ ಬಿತ್ತು. ಅತ್ತೆ ಸಾಕಿದವಳು ನಾನು, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ಅವತ್ತೂ ಹೊಟ್ಟೆಯಲ್ಲಿ ಅದೇ ಉರಿ. ಅದಕ್ಕೆ ಹೊತ್ತುಗೊತ್ತು ಒಂದೂ ಇರಲಿಲ್ಲ.

ಊಟವಾಯಿತು. ಅವಳು ಕೈ ತೊಳೆದು, ಬ್ಯಾಗು ಎತ್ತಿಕೊಂಡು ಹೊರಗೆ ಬಂದಳು. ಐದು ವರ್ಷದ ಹಿಂದೆ ಚೀಟಿ ಇಟ್ಟಿದ್ದ ಜಗಲಿಯ ಮೂಲೆಯ ಹತ್ತಿರ ಚಪ್ಪಲಿ ಮೆಟ್ಟಿಕೊಂಡಳು. ಒಮ್ಮೆ ನನ್ನ ಮುಖ ನೋಡಿದಳು. ‘ಬರ್ತೀನಿ ಅಕ್ಕ’ ಅನ್ನಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ನಮ್ಮಲ್ಲೇ ಹುಟ್ಟಿ ಬೆಳೆದವಳ ಹಾಗೆ ಗೇಟು ತೆರೆದು ನಡೆದಳು.

ನಾನು ಹೊಸ್ತಿಲ ಒಳಗೆ ನಿಂತಿದ್ದೆ. ಇವಳು ಯಾವಾಗ ತೊಲಗುತ್ತಾಳೋ ಎಂದು ಒಂದು ಕಾಲದಲ್ಲಿ ದಿನ ಎಣಿಸಿದವಳು ನಾನೇ. ‘ಮತ್ತೆ ಬಾ’ ಎಂಬ ಮಾತು ಗಂಟಲವರೆಗೆ ಬಂತು. ಆ ಮನೆಯ ಬಾಗಿಲಲ್ಲಿ ಅವತ್ತು ಅದನ್ನು ಆಡುವ ಹಾಗಿರಲಿಲ್ಲ. ಅವಳು ಬೀದಿಯ ತಿರುವು ದಾಟುವವರೆಗೂ ತುಟಿ ಬಿಗಿ ಹಿಡಿದು ನಿಂತಿದ್ದೆ.